ನಾಯಕರ ಮುಖವಿರುವ ನಾಣ್ಯ, ಪದಕಗಳ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಂಧೀಜಿ, ನೆಹರು, ಅಂಬೇಡ್ಕರ್, ಬಸವಣ್ಣ ಹೀಗೆ ದೊಡ್ಡವರ ಮುಖವಿರುವ ನಾಣ್ಯ ಕೈಗೆ ಸಿಕ್ಕಾಗ ಅದನ್ನು ಖರ್ಚು ಮಾಡದೆ ಡಬ್ಬಿಯಲ್ಲಿ ಎತ್ತಿಡುವವರು ಬಹಳ ಜನ ಇದ್ದಾರೆ. ಮುಂದೇನು ಮಾಡಬೇಕು ಅನ್ನೋದೇ ಅವರ ಪ್ರಶ್ನೆ. ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ಮತ್ತೆ ಮತ್ತೆ ಕೇಳುವ ಮಾತುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸ್ಮರಣಾರ್ಥ ನಾಣ್ಯ ಅಂದರೆ ಯಾವುದು? ಅದು ಮಾಮೂಲಿ ನಾಣ್ಯವೇ ಅಲ್ವಾ?

ಹೌದು, ಅದೂ ಸರ್ಕಾರ ಹೊರಡಿಸಿದ ಅಸಲಿ ನಾಣ್ಯವೇ. ಒಂದು ಕಡೆ ಅಶೋಕ ಸ್ತಂಭದ ಸಿಂಹ ಮುದ್ರೆ ಇರುತ್ತದೆ. ಇನ್ನೊಂದು ಕಡೆ ಮಾಮೂಲಿ ಚಿತ್ರದ ಬದಲು ಒಬ್ಬ ವ್ಯಕ್ತಿಯ ಮುಖವೋ ಒಂದು ಘಟನೆಯ ಗುರುತೋ ಇರುತ್ತದೆ. ನಾಣ್ಯ ಹೊರಡಿಸುವುದು ಕೇಂದ್ರ ಸರ್ಕಾರ, ರಿಸರ್ವ್ ಬ್ಯಾಂಕ್ ಅಲ್ಲ. ರಿಸರ್ವ್ ಬ್ಯಾಂಕಿನ ಕೆಲಸ ಅದನ್ನು ಜನರಿಗೆ ತಲುಪಿಸುವುದು ಮಾತ್ರ. ಪ್ರತಿ ಹೊಸ ನಾಣ್ಯಕ್ಕೂ ಹಣಕಾಸು ಸಚಿವಾಲಯ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸುತ್ತದೆ. ಲೋಹ ಯಾವುದು, ತೂಕ ಎಷ್ಟು, ಅಗಲ ಎಷ್ಟು, ಎರಡೂ ಬದಿಯಲ್ಲಿ ಏನು ಬರೆದಿರಬೇಕು, ಎಲ್ಲ ಅದರಲ್ಲಿರುತ್ತದೆ. ಸಂಗ್ರಹಕಾರರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇರೊಂದಿಲ್ಲ. ನಿಮ್ಮ ಹತ್ತಿರ ಇರುವ ನಾಣ್ಯದ ಅಧಿಸೂಚನೆ ಹುಡುಕಿ ಓದಿ ನೋಡಿ.

ಸ್ವತಂತ್ರ ಭಾರತದಲ್ಲಿ ಇದು ಯಾವಾಗ ಶುರುವಾಯಿತು?

1964ರಲ್ಲಿ. ಆ ವರ್ಷ ಮೇ 27ರಂದು ನೆಹರು ತೀರಿಕೊಂಡರು. ಅವರ ನೆನಪಿಗೆ 1 ರೂಪಾಯಿ ಮತ್ತು 50 ಪೈಸೆಯ ನಾಣ್ಯ ಬಂದವು. ಇವೇ ನಮ್ಮ ಮೊದಲ ಸ್ಮರಣಾರ್ಥ ನಾಣ್ಯಗಳು. ಎರಡೂ ಶುದ್ಧ ನಿಕಲ್. 50 ಪೈಸೆಯಲ್ಲಿ ಎರಡು ಬಗೆ ಇವೆ. ಒಂದರಲ್ಲಿ ನೆಹರು ಹೆಸರು ಇಂಗ್ಲಿಷಿನಲ್ಲಿದೆ, ಇನ್ನೊಂದರಲ್ಲಿ ಹಿಂದಿಯಲ್ಲಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳುವುದು ಹೊಸಬರಿಗೆ ಒಳ್ಳೆಯ ಮೊದಲ ಗುರಿ.

ನಂತರ ಬಂದದ್ದು 1969ರ ಗಾಂಧಿ ಶತಮಾನೋತ್ಸವದ ಸರಣಿ. 20 ಪೈಸೆ, 50 ಪೈಸೆ, 1 ರೂಪಾಯಿ, 10 ರೂಪಾಯಿ ಹೀಗೆ ನಾಲ್ಕು ನಾಣ್ಯ. 20 ಪೈಸೆ ಹಳದಿ ಬಣ್ಣದ್ದು, ಅಲ್ಯೂಮಿನಿಯಂ ಕಂಚು. 50 ಪೈಸೆ ಮತ್ತು ರೂಪಾಯಿ ನಿಕಲ್. 10 ರೂಪಾಯಿ ಬೆಳ್ಳಿಯದು. ನನ್ನ ಮಟ್ಟಿಗೆ ನಮ್ಮ ದೇಶದ ಅತ್ಯಂತ ಚಂದದ ಸರಣಿ ಇದು. ಮೂರು ಬೇರೆ ಲೋಹದಲ್ಲಿ ಒಂದೇ ಮುಖ ಎಷ್ಟು ಬೇರೆಯಾಗಿ ಕಾಣುತ್ತದೆ ಅನ್ನೋದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಮುಖ್ಯವಾಗಿ, ಅದರಲ್ಲಿ 20 ಪೈಸೆ ಬಡವರ ಕೈಗೂ ಹೋಯಿತು. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹುಂಡಿಯಲ್ಲಿ ಓಡಾಡಿತು. ಗಾಂಧೀಜಿಯನ್ನು ನೆನೆಯಲು ಇದಕ್ಕಿಂತ ಸರಿಯಾದ ದಾರಿ ಇರಲಿಲ್ಲ.

ನನ್ನ ಹತ್ತಿರ 1869–1948 ಅಂತ ಬರೆದಿರುವ ಗಾಂಧಿ ನಾಣ್ಯ ಇದೆ. ಅದು 150 ವರ್ಷ ಹಳೆಯದಾ?

ಅಲ್ಲ. ಅದು ಗಾಂಧೀಜಿ ಹುಟ್ಟಿದ ಮತ್ತು ತೀರಿಹೋದ ವರ್ಷ. ನಾಣ್ಯ ಅಚ್ಚಾದದ್ದು 1969ರ ಶತಮಾನೋತ್ಸವಕ್ಕೆ. ಆದರೆ ಆ ವರ್ಷವನ್ನು ಪ್ರತ್ಯೇಕವಾಗಿ ಅಚ್ಚು ಹಾಕಿಲ್ಲ, ಹಾಗಾಗಿ ಗೊಂದಲ. ನೆಹರು ನಾಣ್ಯದ 1889–1964, ಇಂದಿರಾ ಗಾಂಧಿ ನಾಣ್ಯದ 1917–1984 ಕೂಡ ಹೀಗೇ. ಇಂದಿರಾ ನಾಣ್ಯ ಬಂದದ್ದು 1985ರಲ್ಲಿ.

‘1869ರ ಅಪರೂಪದ ನಾಣ್ಯ’ ಅಂತ ಮಾರಾಟಕ್ಕೆ ಹಾಕಿದ್ದನ್ನು ನೋಡಿದರೆ ಹತ್ತಿರ ಹೋಗಬೇಡಿ. ಮಾರುವವರಿಗೆ ಗೊತ್ತಿಲ್ಲದೆ ಹಾಕಿರಬಹುದು, ಗೊತ್ತಿದ್ದೂ ಹಾಕಿರಬಹುದು. ಎರಡರಲ್ಲಿ ಯಾವುದೇ ಆದರೂ ದುಡ್ಡು ಹೋಗುವುದು ನಿಮ್ಮದು. 1969ರ ಗಾಂಧಿ ರೂಪಾಯಿ ಸಾಕಷ್ಟು ಸಂಖ್ಯೆಯಲ್ಲಿ ಅಚ್ಚಾಗಿದೆ, ಇವತ್ತಿಗೂ ಸುಲಭವಾಗಿ ಸಿಗುತ್ತದೆ.

ಇಲ್ಲಿವರೆಗೆ ಯಾವ ಯಾವ ನಾಯಕರ ನಾಣ್ಯ ಬಂದಿವೆ?

ಪಟ್ಟಿ ಉದ್ದ ಇದೆ. ಮುಖ್ಯವಾದವನ್ನು ಹೇಳುತ್ತೇನೆ.

1989ರಲ್ಲಿ ನೆಹರು ಶತಮಾನೋತ್ಸವ. 1990ರಲ್ಲಿ ಅಂಬೇಡ್ಕರ್ ಅವರ 1 ರೂಪಾಯಿ. 1991ರಲ್ಲಿ ರಾಜೀವ್ ಗಾಂಧಿಯವರ 1 ರೂಪಾಯಿ. ಆಮೇಲೆ 2 ರೂಪಾಯಿಯ ಕಾಲ ಬಂತು. ಹನ್ನೊಂದು ಮೂಲೆಯ ಆ ನಾಣ್ಯ ನೆನಪಿದೆಯಾ? ಸರ್ದಾರ್ ಪಟೇಲ್, ಸುಭಾಷ್ ಚಂದ್ರ ಬೋಸ್, ಶ್ರೀ ಅರವಿಂದರು, ಚಿತ್ತರಂಜನ್ ದಾಸ್, ಛತ್ರಪತಿ ಶಿವಾಜಿ, ಶ್ಯಾಮಾ ಪ್ರಸಾದ್ ಮುಖರ್ಜಿ, ಇವರೆಲ್ಲ 1996ರಿಂದ 2001ರ ನಡುವೆ ಆ ನಾಣ್ಯದಲ್ಲೇ ಬಂದವರು.

2002ರಲ್ಲಿ ಜಯಪ್ರಕಾಶ ನಾರಾಯಣ್, 2003ರಲ್ಲಿ ಕಾಮರಾಜ್, 2004ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ. 2005ರಲ್ಲಿ ದಂಡಿ ಯಾತ್ರೆಯ 75ನೇ ವರ್ಷದ ನಾಣ್ಯ. 2007ರಲ್ಲಿ ತಿಲಕ್ ಮತ್ತು ಭಗತ್ ಸಿಂಗ್. 2009ರಲ್ಲಿ ರಾಜೇಂದ್ರ ಪ್ರಸಾದ್. ಅದೇ ವರ್ಷ ಅಣ್ಣಾದೊರೈ ಅವರ 5 ರೂಪಾಯಿ ಬಂತು, ಅದರಲ್ಲಿ ಅವರ ತಮಿಳು ಸಹಿಯೇ ಇದೆ. ಒಬ್ಬ ನಾಯಕನ ಕೈಬರಹ ನಾಣ್ಯದ ಮೇಲೆ ಬಂದದ್ದು ನೋಡಿದಾಗ ನಮ್ಮವರದ್ದೂ ಹೀಗೆ ಕನ್ನಡದಲ್ಲಿ ಒಂದು ಬರಲಿ ಅನ್ನಿಸದೆ ಇರುವುದಿಲ್ಲ.

2015ರ ಡಿಸೆಂಬರ್ 6ರಂದು ಅಂಬೇಡ್ಕರ್ ಅವರ 125ನೇ ಜಯಂತಿಗೆ 10 ಮತ್ತು 125 ರೂಪಾಯಿ ನಾಣ್ಯ ಬಿಡುಗಡೆ ಆಯಿತು. 2018ರ ಡಿಸೆಂಬರ್‌ನಲ್ಲಿ ವಾಜಪೇಯಿ ಅವರ 100 ರೂಪಾಯಿ ಬಂತು. 2019ರ ಅಕ್ಟೋಬರ್ 2ರಂದು ಗಾಂಧಿ 150ರ ನೆನಪಿಗೆ 150 ರೂಪಾಯಿ. ಈಚೆಗೆ, 2023ರಲ್ಲಿ ಎನ್‌.ಟಿ. ರಾಮರಾವ್, 2024ರಲ್ಲಿ ಕರುಣಾನಿಧಿ ಅವರ 100 ರೂಪಾಯಿ ನಾಣ್ಯಗಳು ಬಂದವು.

ಕರ್ನಾಟಕಕ್ಕೆ ಸಂಬಂಧಿಸಿದ್ದು ಏನಾದರೂ ಇದೆಯಾ?

2006ರ ಮಹಾತ್ಮ ಬಸವೇಶ್ವರರ ನಾಣ್ಯ ಇದೆ. 5 ರೂಪಾಯಿ ಮತ್ತು 100 ರೂಪಾಯಿ ಎರಡರಲ್ಲೂ ಬಂದಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ಬಸವಣ್ಣ, ಎಂಟು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಭಾರತ ಸರ್ಕಾರದ ನಾಣ್ಯಕ್ಕೇ ಬಂದರು. ಭಂಡಾರಿ ಬಸವಣ್ಣನ ಮುಖ ದುಡ್ಡಿನ ಮೇಲೆ! ಕನ್ನಡಿಗರ ಸಂಗ್ರಹದಲ್ಲಿ ಇದೊಂದು ಇಲ್ಲದಿದ್ದರೆ ಆ ಸಂಗ್ರಹ ನನಗೆ ಅರ್ಧ ಅನ್ನಿಸುತ್ತದೆ. 5 ರೂಪಾಯಿಯದ್ದು ಕಡಿಮೆ ಬೆಲೆಗೇ ಸಿಗುತ್ತದೆ. ಹಳೆ ಚಿಲ್ಲರೆ ಡಬ್ಬಿಯಲ್ಲೇ ಇದ್ದರೂ ಇರಬಹುದು, ಒಮ್ಮೆ ಹುಡುಕಿ.

ಇನ್ನೊಂದು ನಂಟು ರಾಧಾಕೃಷ್ಣನ್ ಅವರದ್ದು. ಅವರ 125ನೇ ಜಯಂತಿಗೆ 2015ರಲ್ಲಿ 10 ಮತ್ತು 125 ರೂಪಾಯಿ ನಾಣ್ಯ ಬಂದವು. ರಾಷ್ಟ್ರಪತಿ ಆಗುವುದಕ್ಕೆ ಎಷ್ಟೋ ವರ್ಷ ಮೊದಲು ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು.

75, 125, 350 ರೂಪಾಯಿ ನಾಣ್ಯಗಳು ಅಂಗಡಿಯಲ್ಲಿ ನಡೆಯುತ್ತವಾ?

ಅವು ಓಡಾಟಕ್ಕೆ ಅಂತ ಮಾಡಿದವಲ್ಲ. ಸಂಗ್ರಹಕಾರರಿಗೆ ಅಂತಲೇ ಟಂಕಸಾಲೆ ಅಚ್ಚು ಹಾಕಿ, ಮುಖಬೆಲೆಗಿಂತ ಬಹಳ ಜಾಸ್ತಿ ಬೆಲೆಗೆ ಮಾರುತ್ತದೆ. ಅದನ್ನು ಕೊಟ್ಟು ಸಾಮಾನು ಕೊಂಡರೆ ನಷ್ಟ ನಿಮಗೇ. ಓಡಾಡುವ 1, 2, 5, 10 ರೂಪಾಯಿಯ ಸ್ಮರಣಾರ್ಥ ನಾಣ್ಯಗಳು ಮಾತ್ರ ಮಾಮೂಲಿ ದುಡ್ಡಿನ ಹಾಗೇ ನಡೆಯುತ್ತವೆ. 10 ರೂಪಾಯಿ ನಾಣ್ಯದ ಎಲ್ಲ ವಿನ್ಯಾಸವೂ ಚಲಾವಣೆಗೆ ಸರಿ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಂಬೇಡ್ಕರ್ ಮುಖದ 10 ರೂಪಾಯಿಯನ್ನು ಯಾರಾದರೂ ‘ನಡೆಯಲ್ಲ’ ಅಂದರೆ ಒಪ್ಪಬೇಡಿ.

25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅಂದರೆ ಗಾಂಧಿ 20 ಪೈಸೆ ಈಗ ಸಂಗ್ರಹದ ವಸ್ತು ಮಾತ್ರ.

100 ರೂಪಾಯಿ ನಾಣ್ಯ ಪೂರ್ತಿ ಬೆಳ್ಳಿಯದಾ?

ಬಹಳಷ್ಟು ಅಲ್ಲ. ಈಚಿನ ವರ್ಷಗಳ ಹೆಚ್ಚಿನ 100, 125, 150 ರೂಪಾಯಿ ನಾಣ್ಯಗಳು ನಾಲ್ಕು ಲೋಹದ ಮಿಶ್ರಣ: ಬೆಳ್ಳಿ ಶೇ 50, ತಾಮ್ರ ಶೇ 40, ನಿಕಲ್ ಶೇ 5, ಸತು ಶೇ 5. ತೂಕ 35 ಗ್ರಾಂ, ಅಗಲ 44 ಮಿ.ಮೀ. ಅಂದರೆ ಒಳಗಿರುವ ಬೆಳ್ಳಿ 17.5 ಗ್ರಾಂ. 1969ರ ಗಾಂಧಿ 10 ರೂಪಾಯಿ 15 ಗ್ರಾಂ ತೂಗುತ್ತದೆ, ಅದರಲ್ಲಿ ಶೇ 80 ಬೆಳ್ಳಿ, ಅಂದರೆ 12 ಗ್ರಾಂ. ಈಚೆಗೆ ಪೂರ್ತಿ ಬೆಳ್ಳಿಯ ನಾಣ್ಯಗಳೂ ಬಂದಿವೆ. 2024ರಲ್ಲಿ ರಿಸರ್ವ್ ಬ್ಯಾಂಕಿನ 90ನೇ ವರ್ಷಕ್ಕೆ ಬಂದ 90 ರೂಪಾಯಿ ನಾಣ್ಯ 40 ಗ್ರಾಂ ಶುದ್ಧ ಬೆಳ್ಳಿ.

ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ. ಬೆಳ್ಳಿಯ ತೂಕವನ್ನು ಅವತ್ತಿನ ದರದಿಂದ ಗುಣಿಸಿ. ಅದಕ್ಕಿಂತ ಮೇಲೆ ಎಷ್ಟು ಕೊಡುತ್ತಿದ್ದೀರೋ ಅದು ಅಚ್ಚು, ಪೆಟ್ಟಿಗೆ ಮತ್ತು ಬೇಡಿಕೆಯ ಬೆಲೆ. ಬೆಳ್ಳಿಯಲ್ಲಿ ದುಡ್ಡು ಹಾಕಬೇಕು ಅನ್ನುವವರಿಗೆ ಸ್ಮರಣಾರ್ಥ ನಾಣ್ಯ ಸರಿಯಾದ ದಾರಿ ಅಲ್ಲ.

ಒಂದೇ ನಾಣ್ಯಕ್ಕೆ ಒಬ್ಬೊಬ್ಬರು ಒಂದೊಂದು ಬೆಲೆ ಹೇಳುತ್ತಾರೆ. ಯಾಕೆ?

ಮೊದಲನೆಯದು ಸ್ಥಿತಿ. ಜೇಬಿನಲ್ಲಿ ಸವೆದ ನಾಣ್ಯ ಬೇರೆ, ಟಂಕಸಾಲೆಯ ಚೀಲದಿಂದ ನೇರ ಬಂದ ನಾಣ್ಯ ಬೇರೆ. ಓಡಾಡದ ನಾಣ್ಯವನ್ನು ವ್ಯಾಪಾರಿಗಳು ‘ಯುಎನ್‌ಸಿ’ ಅನ್ನುತ್ತಾರೆ. ‘ಪ್ರೂಫ್’ ಅಂದರೆ ಪಾಲಿಶ್ ಮಾಡಿದ ಅಚ್ಚಿನಿಂದ ವಿಶೇಷವಾಗಿ ಒತ್ತಿದ್ದು. ಅದರ ಬಯಲು, ಅಂದರೆ ಚಿತ್ರದ ಸುತ್ತಲಿನ ಖಾಲಿ ಜಾಗ, ಕನ್ನಡಿಯ ಹಾಗೆ ಹೊಳೆಯುತ್ತದೆ, ಮುಖ ಮಾತ್ರ ಮಂಜು ಮಂಜಾಗಿ ಎದ್ದು ಕಾಣುತ್ತದೆ.

ಎರಡನೆಯದು ಟಂಕಸಾಲೆ. ನಮ್ಮಲ್ಲಿ ನಾಲ್ಕು ಇವೆ: ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ. ವರ್ಷದ ಕೆಳಗೆ ಕಣ್ಣಿಟ್ಟು ನೋಡಿ. ವಜ್ರದ ಆಕಾರದ ಚುಕ್ಕೆ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಮುಂಬೈಯ ಪ್ರೂಫ್ ನಾಣ್ಯದಲ್ಲಿ ಹಿಂದೆ ‘ಬಿ’ ಅಕ್ಷರ ಇರುತ್ತಿತ್ತು, ಬಾಂಬೆ ಹೆಸರು ಮುಂಬೈ ಆದ ಮೇಲೆ ‘ಎಂ’ ಆಯಿತು. ಒಂದೇ ನಾಯಕನ ಒಂದೇ ನಾಣ್ಯ ಒಂದು ಟಂಕಸಾಲೆಯಿಂದ ರಾಶಿ ರಾಶಿ ಬಂದು, ಇನ್ನೊಂದರಿಂದ ಕಡಿಮೆ ಬಂದಿರಬಹುದು. ಬೆಲೆ ವ್ಯತ್ಯಾಸ ಆಗುವುದು ಅಲ್ಲೇ.

ಒಂದು ಭೂತಗನ್ನಡಿ ಕೊಂಡುಕೊಳ್ಳಿ. ಈ ಹವ್ಯಾಸಕ್ಕೆ ನೀವು ಮಾಡುವ ಮೊದಲ ಖರ್ಚು ಅದೇ ಆಗಿರಲಿ.

ಎಲ್ಲಿ ಕೊಳ್ಳುವುದು?

ಹೊಸ ನಾಣ್ಯಕ್ಕೆ ನೇರ ದಾರಿ ಟಂಕಸಾಲೆಯೇ. ನಾಲ್ಕೂ ಟಂಕಸಾಲೆಗಳು 2006ರಲ್ಲಿ ಶುರುವಾದ ಎಸ್‌ಪಿಎಂಸಿಐಎಲ್ ಅನ್ನುವ ಸರ್ಕಾರಿ ಕಂಪನಿಯ ಕೆಳಗೆ ಇವೆ. ಅದರ ಜಾಲತಾಣದಲ್ಲಿ ಪ್ರೂಫ್ ಮತ್ತು ಯುಎನ್‌ಸಿ ನಾಣ್ಯಗಳನ್ನು ಬುಕ್ ಮಾಡಬಹುದು. ಕೈಗೆ ಬರುವುದಕ್ಕೆ ಕೆಲವೊಮ್ಮೆ ತುಂಬಾ ದಿನ ಕಾಯಬೇಕು. ಕಾಯಿರಿ. ಬಿಡುಗಡೆ ಆದ ಹೊಸದರಲ್ಲಿ ಹೊರಗಿನ ಮಾರುಕಟ್ಟೆಯಲ್ಲಿ ಬೆಲೆ ಏರಿರುತ್ತದೆ, ಆಮೇಲೆ ಇಳಿಯುವುದೇ ಹೆಚ್ಚು.

ಹಳೆಯದಕ್ಕೆ ನಾಣ್ಯ ಪ್ರದರ್ಶನಗಳಿಗೆ ಹೋಗಿ. ಬೆಂಗಳೂರಿನಲ್ಲಿ ಸಂಗ್ರಹಕಾರರ ಸಂಘಗಳು ಆಗಾಗ ನಡೆಸುತ್ತವೆ. ಅಲ್ಲಿ ಹತ್ತಾರು ವ್ಯಾಪಾರಿಗಳು ಒಂದೇ ಕಡೆ ಕೂತಿರುತ್ತಾರೆ, ಬೆಲೆ ಹೋಲಿಸಿ ನೋಡಬಹುದು, ಹಿರಿಯರ ಜೊತೆ ಮಾತಾಡಬಹುದು. ಮೊದಲ ಸಲ ಹೋದಾಗ ಏನೂ ಕೊಳ್ಳದೆ ಬರೀ ನೋಡಿ ಬಂದರೂ ನಷ್ಟವಿಲ್ಲ. ಕರಾವಳಿ ಕಡೆ ಹೋದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ ನೋಡಿ. 1906ರಲ್ಲಿ ಅವರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್ ಜೊತೆ ಸೇರಿಹೋಯಿತು.

‘ಈ 5 ರೂಪಾಯಿ ನಾಣ್ಯ ಇದ್ದರೆ 5 ಲಕ್ಷ ಕೊಡುತ್ತೇವೆ’ ಅನ್ನುವ ಜಾಹೀರಾತು ನಿಜವಾ?

ಸುಳ್ಳು. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. 2012ರ ವೈಷ್ಣೋದೇವಿ ನಾಣ್ಯ ಆಗಲಿ, ಇಂದಿರಾ ಗಾಂಧಿಯ 5 ರೂಪಾಯಿ ಆಗಲಿ, ಲಕ್ಷ ಬಾಳುವುದಿಲ್ಲ. ಮೋಸ ನಡೆಯುವ ರೀತಿ ಹೀಗಿದೆ. ನೀವು ಫೋಟೊ ಕಳಿಸುತ್ತೀರಿ. ಅವರು ‘ನಿಮ್ಮದು ಅಸಲಿ, ದುಡ್ಡು ರೆಡಿ ಇದೆ’ ಅನ್ನುತ್ತಾರೆ. ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಕಮಿಷನ್ ಅಂತ ಒಂದೊಂದೇ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಮುದ್ರೆ ಇರುವ ಕಾಗದವನ್ನೂ ಕಳಿಸುತ್ತಾರೆ. ಹಳೆ ನೋಟು, ನಾಣ್ಯದ ವ್ಯವಹಾರದಲ್ಲಿ ತಾನು ಇಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿದೆ.

ಮಾರುವವನು ದುಡ್ಡು ಕೊಡಬೇಕಾಗಿ ಬಂದರೆ ಅದು ಮೋಸವೇ. ಮನೆಯಲ್ಲಿ ಹಿರಿಯರು ಇದ್ದರೆ ಈ ಒಂದು ಮಾತನ್ನು ಅವರಿಗೆ ತಪ್ಪದೆ ಹೇಳಿ. ಹೆಚ್ಚಾಗಿ ಬಲೆಗೆ ಬೀಳುವುದು ಜೀವಮಾನವೆಲ್ಲ ನಾಲ್ಕು ನಾಣ್ಯ ಜೋಪಾನ ಮಾಡಿಟ್ಟ ಅಜ್ಜ, ಅಜ್ಜಿಯರು.

ನಕಲಿಯನ್ನು ಮನೆಯಲ್ಲೇ ಗುರುತು ಹಿಡಿಯಬಹುದಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಒಂದು ಚಿಕ್ಕ ಅಯಸ್ಕಾಂತ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಮತ್ತು ಅಗಲ ಅಳೆಯುವ ಕ್ಯಾಲಿಪರ್ ಸಾಕು. 1964ರ ನೆಹರು ಮತ್ತು 1969ರ ಗಾಂಧಿ ರೂಪಾಯಿ ಶುದ್ಧ ನಿಕಲ್ ಆದ್ದರಿಂದ ಅಯಸ್ಕಾಂತಕ್ಕೆ ಅಂಟಬೇಕು. 1985ರ ಇಂದಿರಾ 5 ರೂಪಾಯಿ ತಾಮ್ರ ಮತ್ತು ನಿಕಲ್ ಮಿಶ್ರಣ, ಅಂಟಬಾರದು. ಬೆಳ್ಳಿ ನಾಣ್ಯ ಅಂಟಲೇಬಾರದು. 2006–07ರ ಸುಮಾರಿಗೆ 5 ರೂಪಾಯಿ ನಾಣ್ಯಗಳು ಸ್ಟೀಲ್‌ಗೆ ಬದಲಾದವು. ಹಾಗಾಗಿ ತಿಲಕರ ನಾಣ್ಯ ಎರಡೂ ಲೋಹದಲ್ಲಿ ಸಿಗುತ್ತದೆ, ಸ್ಟೀಲಿನದು ಅಂಟುತ್ತದೆ. ಅದನ್ನು ನಕಲಿ ಅಂದುಕೊಳ್ಳಬೇಡಿ.

44 ಮಿ.ಮೀ.ನ ದೊಡ್ಡ ನಾಣ್ಯದ ಅಂಚಿನಲ್ಲಿ 200 ಗೀರು ಇರಬೇಕು ಅನ್ನುವುದು ಅಧಿಸೂಚನೆಯ ಲೆಕ್ಕ. ಎಲ್ಲ ಎಣಿಸುವುದು ಕಷ್ಟ, ಆದರೆ ಗೀರು ಒರಟಾಗಿದ್ದರೆ, ಅಲ್ಲಲ್ಲಿ ಮಾಯವಾಗಿದ್ದರೆ ಅನುಮಾನ ಪಡಿ. ಅಕ್ಷರದ ಅಂಚು ಮೊಂಡಾಗಿದ್ದರೂ ಹಾಗೇ.

ಪದಕಕ್ಕೂ ನಾಣ್ಯಕ್ಕೂ ಏನು ವ್ಯತ್ಯಾಸ? ಪದಕ ಸಂಗ್ರಹಿಸುವುದು ಹೇಗೆ?

ಪದಕಕ್ಕೆ ಮುಖಬೆಲೆ ಇಲ್ಲ. ಹಾಗಾಗಿ ಯಾರು ಬೇಕಾದರೂ ಮಾಡಿಸಬಹುದು: ಟಂಕಸಾಲೆ, ಟ್ರಸ್ಟ್, ಬ್ಯಾಂಕ್, ಚಿನ್ನದಂಗಡಿ, ಶಾಲೆ. ಇದೇ ಅದರ ಸೊಗಸು, ಇದೇ ಅದರ ತೊಡಕು. ನಾಣ್ಯಕ್ಕಿರುವ ಗೆಜೆಟ್ ದಾಖಲೆ ಪದಕಕ್ಕೆ ಇಲ್ಲ. ಯಾರು ಮಾಡಿಸಿದರು, ಯಾವ ಸಂದರ್ಭಕ್ಕೆ, ಯಾವ ಲೋಹದಲ್ಲಿ ಅನ್ನುವುದನ್ನು ನೀವೇ ಹುಡುಕಿಕೊಳ್ಳಬೇಕು.

ಹಳೆಯದರಲ್ಲಿ ಎಲ್ಲರಿಗೂ ಗೊತ್ತಿರುವುದು 1911ರ ದೆಹಲಿ ದರ್ಬಾರ್ ಪದಕ. ಒಂದು ಬದಿ ಐದನೇ ಜಾರ್ಜ್ ಮತ್ತು ರಾಣಿ ಮೇರಿ, ಇನ್ನೊಂದು ಬದಿ ಪರ್ಷಿಯನ್ ಬರಹ. ಸ್ವಾತಂತ್ರ್ಯ ಬಂದ ಮೇಲೆ ಗಾಂಧಿ, ನೆಹರು, ಬೋಸ್, ಇಂದಿರಾ ಅವರ ನೆನಪಿಗೆ ಬೇರೆ ಬೇರೆಯವರು ಮಾಡಿಸಿದ ಪದಕಗಳು ಲೆಕ್ಕವಿಲ್ಲದಷ್ಟಿವೆ. ಕೋಲ್ಕತ್ತಾ ಟಂಕಸಾಲೆ ಭಾರತ ರತ್ನದ ಪದಕವನ್ನೂ ಮಾಡುತ್ತದೆ, ಆದರೆ ಅದು ಗೌರವ. ಕೊಂಡು ಕೂಡಿಸುವ ವಸ್ತು ಅಲ್ಲ.

ಖಾಸಗಿ ಪದಕದ ಮೇಲೆ ಸಿಂಹ ಮುದ್ರೆ ಕಂಡರೆ ಎಚ್ಚರ. ರಾಷ್ಟ್ರ ಲಾಂಛನವನ್ನು ಖಾಸಗಿಯವರು ಹಾಗೆ ಬಳಸುವುದಕ್ಕೆ 2005ರ ಕಾನೂನಿನಲ್ಲಿ ತಡೆ ಇದೆ. ಬೆಳ್ಳಿ ಅಂತ ಹೇಳಿದರೆ ಹಾಲ್‌ಮಾರ್ಕ್ ಕೇಳಿ, ಇಲ್ಲದಿದ್ದರೆ ಪರೀಕ್ಷೆ ಮಾಡಿಸಿ. ನನಗೆ ಪ್ರಿಯವಾದವು ದುಬಾರಿ ಪದಕಗಳಲ್ಲ. ಕಥೆ ಗೊತ್ತಿರುವ ಪದಕಗಳು. ಊರಿನ ಶಾಲೆ ಗಾಂಧಿ ಶತಮಾನೋತ್ಸವಕ್ಕೆ ಮಕ್ಕಳಿಗೆ ಕೊಟ್ಟ ಹಿತ್ತಾಳೆ ಬಿಲ್ಲೆ, ಅದನ್ನು ಪಡೆದವರ ಹೆಸರಿನ ಜೊತೆ ಸಿಕ್ಕರೆ ಅದು ಊರಿನ ಚರಿತ್ರೆ.

ಮಾಸಿದ ನಾಣ್ಯವನ್ನು ತೊಳೆಯಬಹುದಾ?

ಬೇಡ. ಹುಣಸೆಹಣ್ಣು ಬೇಡ, ನಿಂಬೆ ಬೇಡ, ವಿಭೂತಿ ಬೇಡ, ಟೂತ್‌ಪೇಸ್ಟ್ ಬೇಡ. ದೇವರ ಪಾತ್ರೆಗೆ ಒಳ್ಳೆಯದಾದದ್ದು ನಾಣ್ಯಕ್ಕೆ ಒಳ್ಳೆಯದಲ್ಲ. ಉಜ್ಜಿದರೆ ಮೇಲಿನ ಪದರ ಹೋಗಿ ಕೂದಲೆಳೆಯಂಥ ಗೀರು ಬೀಳುತ್ತವೆ. ಅದು ಮತ್ತೆ ಸರಿ ಹೋಗುವುದಿಲ್ಲ, ಬೆಲೆಯೂ ಇಳಿಯುತ್ತದೆ. ಹಳೆ ಬೆಳ್ಳಿಯ ಮೇಲೆ ಬರುವ ಕಂದು, ನೀಲಿ ಛಾಯೆಯನ್ನು ಎಷ್ಟೋ ಸಂಗ್ರಹಕಾರರು ಇಷ್ಟಪಟ್ಟು ಜಾಸ್ತಿ ಕೊಡುತ್ತಾರೆ.

ಅಂಚು ಹಿಡಿದು ಎತ್ತಿ, ಮುಖವನ್ನು ಬೆರಳಿನಿಂದ ಮುಟ್ಟಬೇಡಿ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹಾಳೆಯ ಆಲ್ಬಂ ಬೇಡ, ಕೆಲವು ವರ್ಷದಲ್ಲಿ ನಾಣ್ಯದ ಮೇಲೆ ಹಸಿರು ಜಿಗುಟು ಕೂರುತ್ತದೆ. ರಟ್ಟಿನ ಚೌಕ ಹೋಲ್ಡರ್ ಅಥವಾ ಗಟ್ಟಿ ಕ್ಯಾಪ್ಸೂಲ್ ಬಳಸಿ. ಮಲೆನಾಡು, ಕರಾವಳಿಯಲ್ಲಿ ಇರುವವರು ಮಳೆಗಾಲಕ್ಕೆ ಮೊದಲು ಡಬ್ಬಿಯಲ್ಲಿ ಸಿಲಿಕಾ ಜೆಲ್ ಹೊಸದು ಹಾಕಿ. ನಾಣ್ಯಕ್ಕೆ ತೂತು ಮಾಡಿ ಪದಕದ ಹಾಗೆ ಹಾಕಿಕೊಳ್ಳುವುದು, ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ತಪ್ಪು ಕೂಡ.

ಬೇರೆ ದೇಶದ ನಾಯಕರ ನಾಣ್ಯಗಳನ್ನೂ ಸೇರಿಸಬಹುದಾ?

ಖಂಡಿತ. ನೆಹರು ನಾಣ್ಯ ಬಂದ 1964ರಲ್ಲೇ ಅಮೆರಿಕದಲ್ಲಿ ಕೆನಡಿ ಮುಖದ ಅರ್ಧ ಡಾಲರ್ ಬಂತು, ಶೇ 90 ಬೆಳ್ಳಿ. ಜನ ಅದನ್ನು ಖರ್ಚು ಮಾಡದೆ ಎತ್ತಿಟ್ಟುಕೊಂಡರು. 1965ರಲ್ಲಿ ಬ್ರಿಟನ್ ಚರ್ಚಿಲ್ ನೆನಪಿಗೆ ಕ್ರೌನ್ ನಾಣ್ಯ ತಂದಿತು. ಅದು ತಾಮ್ರ ಮತ್ತು ನಿಕಲ್, ಕೋಟಿಗಟ್ಟಲೆ ಅಚ್ಚಾಯಿತು, ಇವತ್ತಿಗೂ ಅಗ್ಗ. ಈ ಮೂರನ್ನೂ ಒಟ್ಟಿಗೆ ಇಟ್ಟರೆ ಮೂರು ದೇಶ ತಮ್ಮ ನಾಯಕರನ್ನು ಕಳೆದುಕೊಂಡ ಹೊತ್ತಿನಲ್ಲಿ ಏನು ಮಾಡಿದವು ಅನ್ನೋದು ಕಣ್ಣಿಗೆ ಕಾಣುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಕೆನಡಿ ನಾಣ್ಯ ಅಮೆರಿಕದಲ್ಲಿ ಹುಡುಕಿದರೆ ಸಿಗುತ್ತದೆ.

ಊರಿನಿಂದ ಹೊರದೇಶಕ್ಕೆ ನಾಣ್ಯ ಒಯ್ಯುವಾಗ ಒಂದು ಎಚ್ಚರ ಇರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜನ ಡಬ್ಬಿಯನ್ನು ಹಾಗೇ ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ.

ನನ್ನ ಹತ್ತಿರ ಹೆಚ್ಚು ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ?

ಜೇಬಿನಿಂದಲೇ. 5 ಮತ್ತು 10 ರೂಪಾಯಿಯ ಸ್ಮರಣಾರ್ಥ ನಾಣ್ಯಗಳು ಈಗಲೂ ಚಿಲ್ಲರೆಯಲ್ಲಿ ಬರುತ್ತವೆ. ಹೂವಿನ ಅಂಗಡಿ, ದೇವಸ್ಥಾನದ ಹುಂಡಿ ಎಣಿಕೆ, ಬಸ್ ಕಂಡಕ್ಟರ್ ಕೈ, ಇವು ಒಳ್ಳೆಯ ಜಾಗ. ಎಲ್ಲವನ್ನೂ ಕೂಡಿಸಲು ಹೋಗದೆ ಒಂದು ಎಳೆ ಹಿಡಿಯಿರಿ. ಒಬ್ಬರು ಗಾಂಧೀಜಿಯನ್ನೇ ಹಿಡಿಯಬಹುದು: 1969ರ ಸರಣಿ, ದಂಡಿ ಯಾತ್ರೆ, ದಕ್ಷಿಣ ಆಫ್ರಿಕಾದಿಂದ ಮರಳಿದ ನೂರನೇ ವರ್ಷದ 2015ರ ನಾಣ್ಯ, 2019ರ 150. ಇನ್ನೊಬ್ಬರು ಅಂಬೇಡ್ಕರ್: 1990ರ ರೂಪಾಯಿ ಮತ್ತು 2015ರ 10 ರೂಪಾಯಿ. ಎರಡೇ ನಾಣ್ಯ, ನಡುವೆ 25 ವರ್ಷ. ಎರಡರಲ್ಲೂ ಬಾಬಾಸಾಹೇಬರ ಮುಖವನ್ನು ಹೇಗೆ ಕೆತ್ತಿದ್ದಾರೆ ಅಂತ ಹೋಲಿಸಿ ನೋಡುತ್ತಾ ಒಂದು ಸಂಜೆ ಕಳೆಯಬಹುದು.

ಒಬ್ಬ ನಾಯಕನ ನಾಣ್ಯ ಇಟ್ಟುಕೊಂಡವರು ಅವರ ಬದುಕಿನ ಬಗ್ಗೆ ಒಂದು ಪುಸ್ತಕವನ್ನಾದರೂ ಓದಬೇಕು ಅನ್ನುವುದು ನನ್ನ ಹಟ. ಇಷ್ಟವಿಲ್ಲದ ಪಕ್ಷದ ನಾಯಕರನ್ನು ಬಿಟ್ಟು ಕೂಡಿಸುವವರೂ ಇದ್ದಾರೆ. ಹಾಗೆ ಮಾಡಿದರೆ ದೇಶದ ಕಥೆ ಅಲ್ಲಲ್ಲಿ ಹರಿದುಹೋಗುತ್ತದೆ.

ದಾಖಲೆ ಬರೆದಿಡಬೇಕಾ?

ಹೌದು, ಮೊದಲ ನಾಣ್ಯದಿಂದಲೇ. ಒಂದು ನೋಟ್‌ಬುಕ್ ಸಾಕು. ನಾಣ್ಯದ ಹೆಸರು, ಬಿಡುಗಡೆಯ ವರ್ಷ, ಲೋಹ, ತೂಕ, ಟಂಕಸಾಲೆ ಗುರುತು, ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ. ಬಿಲ್ ಇದ್ದರೆ ಅಂಟಿಸಿ. ಪ್ರೂಫ್ ನಾಣ್ಯದ ಜೊತೆ ಬಂದ ಪೆಟ್ಟಿಗೆ, ಕಿರುಹೊತ್ತಗೆ, ಪ್ರಮಾಣಪತ್ರ ಎಸೆಯಬೇಡಿ, ಅವಿಲ್ಲದೆ ಮಾರುವಾಗ ಬೆಲೆ ಕಡಿಮೆ ಬರುತ್ತದೆ. ಮನೆಯ ಇನ್ನೊಬ್ಬರಿಗೆ ಈ ನೋಟ್‌ಬುಕ್ ಎಲ್ಲಿದೆ ಅಂತ ಗೊತ್ತಿರಲಿ. ಎಷ್ಟೋ ಒಳ್ಳೆಯ ಸಂಗ್ರಹಗಳು ಕೂಡಿಸಿದವರು ಹೋದ ಮೇಲೆ ತೂಕದ ಲೆಕ್ಕದಲ್ಲಿ ಮಾರಾಟವಾಗಿವೆ. ಯಾವುದು ಏನು ಅಂತ ಹೇಳುವ ಒಂದು ಹಾಳೆಯೂ ಆ ಮನೆಗಳಲ್ಲಿ ಇರಲಿಲ್ಲ.